ಹೊಲಿದು ಕೂರಿಸಿದ ಸ್ಪಷ್ಟನೆ

ಪತ್ರಿಕೆಯವರೆಂದರೆ ನಮ್ಮತ್ತೆಗೆ ಮೈಯೆಲ್ಲ ಉರಿ. ನನಗೂ ಅಷ್ಟೇ. ಶಾಲೆಯ ಬಸ್ ಓಡಿಸುತ್ತಿದ್ದ ಮಾವನ ಫೋಟೊ ಮೊದಲ ಪುಟಕ್ಕೆ ಹಾಕಿ, ‘ಕುಡಿದು ಬಸ್ ಓಡಿಸಿದ ಚಾಲಕ’ ಎಂದು ಬರೆದವರು ಅವರು. ಕುಡಿದವನು ಬೇರೆ ಬಸ್ಸಿನವನು. ಮಾವ ಚಹಾ ಬಿಟ್ಟು ಇನ್ನೊಂದು ಮುಟ್ಟಿದವರಲ್ಲ. ಕೆಲಸ ಹೋಯಿತು. ಆಮೇಲೆ ಅವರು ಬೀದಿಗೇ ಇಳಿಯಲಿಲ್ಲ.

“ಮರುದಿನವೇ ಸ್ಪಷ್ಟನೆ ಹಾಕಿದ್ದೀವಮ್ಮ, ಹೋಗಿ ಹುಡುಕ್ಕೊಳ್ಳಿ,” ಎಂದ ಪತ್ರಿಕೆಯ ಉಪಸಂಪಾದಕ, ವಿಚಾರಿಸಲು ಹೋದ ಅತ್ತೆಗೆ, ಕುರ್ಚಿ ಬಿಟ್ಟೇಳದೆ.

“ಅದನ್ನ ತಂದು ತೋರಿಸಿ, ನಾಳೆನೇ ಬಸ್ಸಿನ ಕೀಲಿ ಕೊಡ್ತೀನಿ,” ಎಂದ ಶಾಲೆಯ ಮಾಲೀಕ.

ಅತ್ತೆ ಬಟ್ಟೆ ಹೊಲಿಯುವವರು. ಮಿಷನ್ನಿಗೆ ಬಟ್ಟೆ ಮುಚ್ಚಿ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರು. ಅಲ್ಲಿ ತಿಂಗಳಿಗೊಂದರಂತೆ ಬೈಂಡ್ ಮಾಡಿಟ್ಟ ಹಳೆಯ ಪತ್ರಿಕೆಗಳು. ಆ ತಿಂಗಳ ಇಡೀ ಸಂಪುಟ ಮಗುಚಿದರೂ ಸ್ಪಷ್ಟನೆಯ ಸುಳಿವಿಲ್ಲ.

“ನಾವು ಇಡೋದು ನಗರದ ಆವೃತ್ತಿ ಮಾತ್ರ,” ಎಂದು ಗ್ರಂಥಪಾಲಕಿ ಸಿಡುಕಿದಳು. “ಉಳಿದಿದ್ದೆಲ್ಲ ಯೂನಿವರ್ಸಿಟಿ ಲೈಬ್ರರಿಲಿದೆ. ಅಲ್ಲಿ ಹೋಗಿ ಅವರ ಪ್ರಾಣ ತಿನ್ನಿ.”

ಅಲ್ಲಿ ಕಾವಲುಗಾರ ಗುರುತಿನ ಚೀಟಿ ಕೇಳಿದ. ಅತ್ತೆ ಬಾಗಿಲಲ್ಲೇ ಕೂತುಬಿಟ್ಟರು. ಗಲಾಟೆ ಕೇಳಿ ಬಂದ ಪತ್ರಿಕೋದ್ಯಮದ ಮೇಷ್ಟ್ರು, “ಏನು ಸಂಶೋಧನೆ ನಿಮ್ದು?” ಎಂದರು.

“ಸುಳ್ಳಿನ ಸಂಶೋಧನೆ.”

ಮೇಷ್ಟ್ರು ನಕ್ಕು ಒಳಗೆ ಬಿಡಿಸಿದರು.

ಸಿಕ್ಕಿತು. ದೂರದ ಗಡಿಭಾಗಕ್ಕೆ ಹೋಗುವ ಆವೃತ್ತಿಯಲ್ಲಿ, ಟೆಂಡರ್ ಪ್ರಕಟಣೆಗಳ ಅಡಿಯಲ್ಲಿ, ಮೂರು ಸಾಲು. ಆ ಕಡೆ ಮಾವನನ್ನು ಬಲ್ಲ ಒಂದು ನರಪಿಳ್ಳೆಯೂ ಇಲ್ಲ. ಊರಿನ ಮುಂದೆ ಮಾನ ಕಳೆದು, ಯಾರೂ ಇಲ್ಲದ ಕಡೆ ಕ್ಷಮೆ ಕೇಳಿದ್ದರು ಮುಠ್ಠಾಳರು!

ಆ ಪುಟದ ಜೆರಾಕ್ಸನ್ನು ಶಾಲೆಯ ಮಾಲೀಕ ಎರಡು ಬೆರಳಲ್ಲಿ ಹಿಡಿದು ನೋಡಿದ. “ಇದು ನಮ್ಮೂರಲ್ಲಿ ಬಂದೇ ಇಲ್ವಲ್ಲ. ಇಲ್ಲಿ ಜನ ನೋಡಿರೋದು ಆ ಫೋಟೊನ.” ವಾಪಸು ಕೊಟ್ಟ.

ಅತ್ತೆ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. ನೇರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಅದೇ ಸಂಪುಟ ಕೇಳಿದರು. ಪರ್ಸಿನಿಂದ ಸೂಜಿ ತೆಗೆದು, ಎರಡೆಳೆ ದಾರ ಪೋಣಿಸಿ, ಜೆರಾಕ್ಸಿನ ಆ ಮೂರು ಸಾಲನ್ನು ಕತ್ತರಿಸಿ ಮಾವನ ಫೋಟೊದ ಪಕ್ಕಕ್ಕೆ, ಸರಿಯಾಗಿ ಆ ತಲೆಬರಹದ ಮೇಲೆ, ನಾಲ್ಕೂ ಅಂಚಿಗೆ ಹೊಲಿದರು.

ಗ್ರಂಥಪಾಲಕಿ ಓಡಿಬಂದಳು. “ಏನ್ರೀ ಮಾಡ್ತಿದ್ದೀರಿ! ಇದು ದಾಖಲೆ!”

“ಅದಕ್ಕೇ ಸರಿ ಮಾಡ್ತಿದ್ದೀನಿ. ಬಿಚ್ಚೋಕೆ ಹೋದ್ರೆ ಪುಟಾನೂ ಹರಿದು ಬರತ್ತೆ, ಹುಷಾರು.” ಹಲ್ಲಿನಲ್ಲೇ ದಾರ ಕಡಿದರು.

ಅತ್ತೆಯ ಗ್ರಂಥಾಲಯದ ಕಾರ್ಡು ಅಲ್ಲೇ ರದ್ದಾಯಿತು. ಬಸ್ಸಿನ ಕೀಲಿಯೂ ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮಾವ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಬ್ಬರೇ ಗ್ರಂಥಾಲಯಕ್ಕೆ ನಡೆದುಕೊಂಡು ಹೋದರು. ಅವರನ್ನು ಯಾರೂ ತಡೆಯಲಿಲ್ಲ. ರದ್ದಾಗಿದ್ದು ಅತ್ತೆಯ ಕಾರ್ಡು ಮಾತ್ರ.