ಹುಣಸೆಹಣ್ಣು ಹಾಕಿ ಉಜ್ಜಿದ ಪದಕ

ಓಡೆಟ್ ಅಜ್ಜಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ, ಕೊನೆಯ ತುತ್ತು ಗಂಟಲಿಗಿಳಿಯುವ ಮೊದಲೇ ತಟ್ಟೆ ಎತ್ತಿಕೊಂಡು ಸಿಂಕಿನತ್ತ ನಡೆದುಬಿಡುತ್ತಿದ್ದರು. ತೊಳೆದು, ಒರೆಸಿ, ಕಪಾಟಿಗೆ ಸೇರಿಸಿದ ಮೇಲೆಯೇ ಮಾತು. ಅಲ್ಲಿ ಯಾರೋ ಉಂಡಿದ್ದಾರೆಂಬ ಗುರುತೇ ಉಳಿಯಬಾರದು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನಿಗೆ ಇದು ಸಹಿಸಲಾಗದ ಸಂಕಟ.

"ಮನೆಗೆ ಬಂದವರ ಕೈಲಿ ಎಂಜಲು ತಟ್ಟೆ ತೊಳೆಸೋದೇನೇ? ನೀನಾದ್ರೂ ಹೇಳ್ಬಾರ್ದಾ?"

ಹೇಳಿದರೆ ಕೇಳುವ ಪೈಕಿಯೇ ಅವರು? ಅಮೆರಿಕದ ಮುಕಿಲ್ಟಿಯೊದಲ್ಲಿ ನಮ್ಮ ಪಕ್ಕದ ಮನೆ ಅವರದು. ತೊಂಬತ್ತು ದಾಟಿದ್ದರೂ ಗುಲಾಬಿ ಗಿಡ ತಾವೇ ಕತ್ತರಿಸುವರು. ನನ್ನ ಗಂಡ ಕಾರನ್ನು ಓರೆಯಾಗಿ ನಿಲ್ಲಿಸಿದರೆ ಬಾಗಿಲು ತಟ್ಟಿ ಹೇಳಿಹೋಗುವರು. ಅವರ ಫ್ರೆಂಚ್ ಬೆರೆತ ಇಂಗ್ಲಿಷ್ ಅಮ್ಮನಿಗೆ ತಿಳಿಯದು, ಅಮ್ಮನ ಕನ್ನಡ ಅವರಿಗೆ ತಿಳಿಯದು. ಆದರೂ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಜಗಳ ಬಂದಾಗ ಮಾತ್ರ ನನ್ನನ್ನು ಕರೆಯುತ್ತಿದ್ದರು.

ತಟ್ಟೆಯ ಗುಟ್ಟನ್ನು ಒಂದು ದಿನ ಅವರೇ ಹೇಳಿದರು. ಅವರು ಹುಡುಗಿಯಾಗಿದ್ದಾಗ ಜರ್ಮನ್ ಸೈನ್ಯ ಫ್ರಾನ್ಸಿನಲ್ಲಿದ್ದ ಅವರ ಊರನ್ನು ಹಿಡಿದಿತ್ತು. ತಾಯಿ, ಮಗಳು ಇಬ್ಬರೇ ಇದ್ದ ಮನೆಯ ಅಟ್ಟದಲ್ಲಿ ಸೈನ್ಯದಿಂದ ತಲೆಮರೆಸಿಕೊಂಡವರು ಅಡಗಿರುತ್ತಿದ್ದರು. "ಸೈನಿಕರು ಬಂದರೆ ಮೊದಲು ನೋಡೋದು ಅಡುಗೆಮನೆ. ಇಬ್ಬರ ಮನೇಲಿ ಇಷ್ಟೊಂದು ತಟ್ಟೆ ಯಾಕೆ ಅಂತ ಕೇಳಿದ್ರೆ ಮುಗೀತು ನಮ್ಮ ಕಥೆ," ಎಂದರು. ಆ ಧೈರ್ಯಕ್ಕಾಗಿ ಯುದ್ಧ ಮುಗಿದ ಮೇಲೆ ಫ್ರಾನ್ಸ್ ಸರ್ಕಾರ ಅವರ ತಾಯಿಗೆ ಪದಕ ಕೊಟ್ಟಿತ್ತು.

ಆ ವರ್ಷ ನವರಾತ್ರಿಗೆ ನಾವು ಗೊಂಬೆ ಕೂರಿಸಿದ್ದನ್ನು ನೋಡಿ ಅಜ್ಜಿ ಆ ಪದಕ ತಂದರು. ಕಪ್ಪು-ಕೆಂಪು ಬಟ್ಟೆಯ ಪಟ್ಟಿ, ಕಂದು ಬಣ್ಣಕ್ಕೆ ತಿರುಗಿದ ಕಂಚು. "ನಮ್ಮಮ್ಮ ಇದನ್ನ ಒಂದು ದಿನಾನೂ ಹಾಕ್ಕೊಳ್ಳಲಿಲ್ಲ. ನಿಮ್ಮ ರಾಜ-ರಾಣಿ ಪಕ್ಕ ಸ್ವಲ್ಪ ದಿನ ಇರಲಿ," ಎಂದರು.

ಆಯುಧಪೂಜೆಯ ಬೆಳಿಗ್ಗೆ ಆಫೀಸಿನ ಕಾಲ್ ಮುಗಿಸಿ ಬಂದು ನೋಡುತ್ತೇನೆ, ದೀಪಾಲೆ ಕಂಬ, ಪಂಚಪಾತ್ರೆಗಳ ಜೊತೆ ಪದಕವೂ ಥಳಥಳಿಸುತ್ತಿದೆ. ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಬೇರೆ ಇಟ್ಟಿದ್ದರು. ಹಳೆಯ ಪದಕದ ಬಣ್ಣ ತೆಗೆಯಬಾರದೆಂದು ನಾನು ಎಲ್ಲೋ ಓದಿದ್ದೆ.

"ಪಟ್ಟಿ ಬಿಚ್ಚಿಟ್ಟೇ ತೊಳೆದೆ ಕಣೇ. ಕಿಲುಬು ಹಿಡಿದಿದ್ದನ್ನ ಪೂಜೆಗಿಡೋಕಾಗುತ್ತಾ?" ಎನ್ನುತ್ತಿದ್ದ ಅಮ್ಮ ನನ್ನ ಮುಖ ನೋಡಿ ತಾವೂ ಬಿಳಿಚಿಕೊಂಡರು. ಒಬ್ಬ ಹೆಣ್ಣುಮಗಳ ಧೈರ್ಯಕ್ಕೆ ಉಳಿದಿದ್ದ ಒಂದೇ ಗುರುತನ್ನು ಕೆಡಿಸಿಬಿಟ್ಟೆವೆಂದು ನನಗೆ ಅಳುವೇ ಬಂತು.

ಇಬ್ಬರೂ ಪಕ್ಕದ ಮನೆಗೆ ಹೋದೆವು. ಅಜ್ಜಿ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವರು ನನ್ನನ್ನು ತಡೆದು ಅಮ್ಮನ ಕೈ ಹಿಡಿದುಕೊಂಡರು.

"ಇವರಿಗೆ ಹೇಳು. ಕೊಟ್ಟ ದಿನ ಇದು ಹೀಗೇ ಇತ್ತು. ನಮ್ಮಮ್ಮ ನಾಚಿಕೊಂಡು ಡ್ರಾಯರಲ್ಲಿ ಹಾಕಿಟ್ಳು. ಅವಳಿಗೆ ಪೂಜೆ ಮಾಡಿದವರು ಇವರೊಬ್ಬರೇ."

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಮ್ಮನ ಕಣ್ಣು ತುಂಬಿತ್ತು. ನನಗಂತೂ ಹೋದ ಜೀವ ಬಂದಂತಾಯಿತು. ಕುಂಕುಮ ಒರೆಸಲು ಹೋದರೆ ಅಜ್ಜಿ ಬೇಡವೆಂದರು.

ಆ ಚಳಿಗಾಲದಲ್ಲೇ ಅವರು ನಿದ್ದೆಯಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ಮಗ ಪದಕ ಹಿಡಿದು ನಮ್ಮ ಬಾಗಿಲಿಗೆ ಬಂದ. ಅದನ್ನು ಅವರ ಊರಿನ ಮ್ಯೂಸಿಯಮ್ಮಿಗೆ ಕಳಿಸುತ್ತಾನಂತೆ. "ಈ ಕೆಂಪು ಏನು? ನಮ್ಮಮ್ಮ ಒರೆಸಬೇಡ ಅಂತ ಹೇಳಿಹೋಗಿದ್ದಾರೆ. ಮ್ಯೂಸಿಯಮ್ಮಿನವರು ಕೇಳಿದರೆ ಏನು ಹೇಳಲಿ?" ಎಂದ.

"ಈ ಪದಕ ಪಡೆದ ನಿಮ್ಮಜ್ಜಿ ನಮ್ಮ ಮನೆಗೆ ಬಂದಿದ್ದರು ಅಂತ ಹೇಳಿ," ಎಂದೆ. "ಬಂದ ಹೆಣ್ಣುಮಕ್ಕಳನ್ನು ನಾವು ಕುಂಕುಮ ಇಡದೆ ಕಳಿಸೋದಿಲ್ಲ."