ಹಾರಿಹೋಗುತ್ತಿದ್ದ ಟೋಕನ್

ನನಗೆ ಎಲ್ಲವನ್ನೂ ಬಿಚ್ಚಿ ನೋಡುವ ಚಟ. ಮಿಕ್ಸಿ ಕೆಟ್ಟರೆ ಮೊದಲು ತಳ ಬಿಚ್ಚುತ್ತೇನೆ. ಮತ್ತೆ ಜೋಡಿಸಿದೆನೋ ಇಲ್ಲವೋ ಎಂದು ಮಾತ್ರ ನಮ್ಮ ಮನೆಯವರನ್ನು ಕೇಳಬೇಡಿ. ಹಾಗಾಗಿ ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪು ಹುಡುಕುವ ಡೀಬಗರ್ ಎಂದರೆ ನನಗೆ ಪ್ರಾಣ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು, ಅದರ ಹೊಟ್ಟೆಯೊಳಗೆ ಆ ಗಳಿಗೆಗೆ ಯಾವ ಸಂಖ್ಯೆ ಎಲ್ಲಿದೆ ಎಂದು ಪುಟ್ಟ ಚೌಕಗಳಲ್ಲಿ ತೋರಿಸುತ್ತದೆ. ಬದಲಾದದ್ದು ಕೆಂಪಾಗುತ್ತದೆ. ಇಷ್ಟೆಲ್ಲ ಕಂಡ ಮೇಲೆ ತಪ್ಪು ಅಡಗುವುದಾದರೂ ಎಲ್ಲಿ ಎಂದುಕೊಂಡಿದ್ದೆ.

ಹರಿಹರದ ಒಬ್ಬ ಡಾಕ್ಟರಿಗೆ ಟೋಕನ್ ಕರೆಯುವ ಪ್ರೋಗ್ರಾಂ ಬರೆದುಕೊಟ್ಟೆ. ಅವರು ಗುಂಡಿ ಒತ್ತಿದರೆ ಹೊರಗಿನ ಪರದೆಯಲ್ಲಿ ಮುಂದಿನ ನಂಬರ್ ಬರಬೇಕು. ಬರುತ್ತಿತ್ತು. ಆದರೆ ಕಾಲುನೋವಿಗೆ ತೋರಿಸಲು ಬರುವ ಖೈರೂನ್‌ಬಿ ಎಂಬ ಅಜ್ಜಿಯ ನಂಬರ್ ಮಾತ್ರ ಬಂದ ಹಾಗೆ ಮಾಡಿ ಹಾರಿಹೋಗುತ್ತಿತ್ತು. ಮೊನ್ನೆ ಆಕೆ ಮಧ್ಯಾಹ್ನದವರೆಗೆ ಕಾದು, ತೋರಿಸದೇ ಮನೆಗೆ ಹೋದರಂತೆ. ಇನ್ನೊಮ್ಮೆ ಹೀಗಾದರೆ ನಿಮ್ಮ ಪರದೆ ಕಿತ್ತು ಹಳೇ ಗಂಟೆಯನ್ನೇ ಮೇಜಿನ ಮೇಲೆ ಇಡುತ್ತೇನೆ ಎಂದರು ಡಾಕ್ಟರು.

ವಿದ್ಯಾನಗರದ ನನ್ನ ಮನೆಯಲ್ಲಿ ಕೂತು ಒಂದೊಂದೇ ಸಾಲು ನಿಲ್ಲಿಸಿ ನೋಡಿದೆ. ಒತ್ತಿದೆ, ಚೌಕದಲ್ಲಿ ನಂಬರ್ ಒಂದು ಏರಿತು. ಮತ್ತೆ ಒತ್ತಿದೆ, ಮತ್ತೊಂದು ಏರಿತು. ಎಲ್ಲ ಸರಿ. ಸರಿಯಿದ್ದದ್ದೇ ನನ್ನ ತಲೆ ಕೆಡಿಸಿತು. ಮುಖವನ್ನೇ ನೋಡದ ಅಜ್ಜಿಯ ಮೇಲೆ ನನ್ನ ಪ್ರೋಗ್ರಾಮಿಗೆ ಎಂಥ ಹಗೆ?

ಕೊನೆಗೆ ಬಸ್ ಹತ್ತಿ ಹರಿಹರಕ್ಕೆ ಹೋಗಿ ಡಾಕ್ಟರ ಪಕ್ಕದಲ್ಲೇ ಕೂತೆ. ಅವರು ಒತ್ತಿದರು, ಒಬ್ಬರು ಬಂದರು. ಒತ್ತಿದರು, ಇನ್ನೊಬ್ಬರು ಬಂದರು. ಖೈರೂನ್‌ಬಿಯ ಸರದಿಗೆ ಒತ್ತಿದರೆ ಬಾಗಿಲು ಅಲ್ಲಾಡಲಿಲ್ಲ. ಗಂಟೆ ಬಡಿದು ಬಡಿದು ಅಭ್ಯಾಸವಾದ ಕೈ, ಸುಮ್ಮನಿರದೆ ಇನ್ನೊಮ್ಮೆ ಒತ್ತಿತು. ಅವರು ಕರೆದದ್ದು ಅದೇ ಅಜ್ಜಿಯನ್ನು. ನನ್ನ ಪ್ರೋಗ್ರಾಂ ಕರೆದದ್ದು ಮುಂದಿನವರನ್ನು. ಅಯ್ಯೋ ರಾಮ, ತಪ್ಪು ಯಾರದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಸ್ವಲ್ಪ ಹೊತ್ತಿನೊಳಗೆ ಮತ್ತೆ ಒತ್ತಿದರೆ ಅದೇ ನಂಬರ್ ಮಿಂಚುವಂತೆ ಅಲ್ಲೇ ಕೂತು ತಿದ್ದಿದೆ. ಪರದೆ ಖಾಲಿ ಮಾಡಿ ಆಕೆಯ ನಂಬರನ್ನೇ ಹೊಸದಾಗಿ ಕರೆಸಿ, ನೋಡೋಣವೆಂದು ಹೊರಗೆ ಬಂದೆ.

ನಂಬರ್ ಢಾಳಾಗಿ ಕಾಣುತ್ತಿತ್ತು. ಖೈರೂನ್‌ಬಿ ಅದೇ ನಂಬರಿನ ಟೋಕನ್ ಹಿಡಿದು, ಪರದೆಯನ್ನೇ ನೋಡುತ್ತ ಆರಾಮಾಗಿ ಕೂತಿದ್ದರು. ನನಗೆ ಮತ್ತೆ ತಲೆ ಗಿರ್ರೆಂದಿತು.

"ಅಜ್ಜಿ, ನಿಮ್ಮ ನಂಬರ್ ಬಂದೈತಲ್ಲ, ಯಾಕ ಕೂತೀರಿ?" ಎಂದೆ.

"ಮೊದಲ್ನೇ ಸಲ ಕರೆಯೋದು ಮೊಣಕಾಲಿಗವ್ವ," ಎಂದರು ಆಕೆ, ಎರಡೂ ಕಾಲು ನೀವಿಕೊಳ್ಳುತ್ತ. "ಎರಡ್ನೇದು ನನಗೆ. ತಡಿ, ಬರ್ಲಿ."

ಅದೇ ನಂಬರ್ ಇನ್ನೊಮ್ಮೆ ಮಿಂಚಿತು. ಆಕೆ ಎದ್ದರು.