ಒಳಗೆ ಬಿಟ್ಟ ಬಟ್ಟೆ

ಟೇಪಮ್ಮ ತನ್ನ ಮಗಳ ಅಳತೆ ತೆಗೆದು ಹನ್ನೆರಡು ವರ್ಷವಾಗಿತ್ತು. ತೆಗೆಯುವ ಅಗತ್ಯವೇ ಬಿದ್ದಿರಲಿಲ್ಲ. ಎದೆ ಮೂವತ್ತಾರು, ಸೊಂಟ ಮೂವತ್ತು, ತೋಳು ಇಪ್ಪತ್ತೆರಡು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಿದ್ದಳು.

ಹೊಲಿಗೆ ಅಂಗಡಿ ಇಟ್ಟು ನಲವತ್ತು ವರ್ಷ. ಅಂಗಡಿ ಎಂದರೆ ಏನು, ಮನೆಯ ಮುಂದಿನ ಕೋಣೆ, ಕಾಲಲ್ಲಿ ತುಳಿಯುವ ಒಂದು ಮಷೀನು, ಗೋಡೆಗೆ ಒರಗಿಸಿದ ಕನ್ನಡಿ. ಕೊರಳಲ್ಲಿ ಸದಾ ಟೇಪು ಜೋತಾಡುತ್ತಿದ್ದುದರಿಂದ ಬೀದಿಯವರು ಟೇಪಮ್ಮ ಎಂದು ಕರೆದರು, ಅದೇ ನಿಂತಿತು. ಗಂಡ ತೀರಿಕೊಂಡ ದಿನವೂ ಟೇಪು ಕೊರಳಲ್ಲೇ ಇತ್ತು. ತೆಗೆಯಬೇಕೆಂದು ಅವಳಿಗೂ ಹೊಳೆಯಲಿಲ್ಲ, ಬಂದವರಿಗೂ ಹೊಳೆಯಲಿಲ್ಲ.

ಕೆಲಸದಲ್ಲಿ ಅವಳದೊಂದು ಹಟವಿತ್ತು. ಯಾರ ಬಟ್ಟೆಯನ್ನೇ ಹೊಲಿಯಲಿ, ಹೊಲಿಗೆಯ ಒಳಬದಿಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದಳು. ಅದನ್ನು ಕತ್ತರಿಸಿದವಳೇ ಅಲ್ಲ. "ಮೈ ಅಂದ್ಮೇಲೆ ಬೆಳೆಯುತ್ತೆ. ನಾಳೆ ಬಿಗಿಯಾದ್ರೆ ಬಿಚ್ಚಿ ಬಿಟ್ಕೊಡಬಹುದು," ಎನ್ನುವಳು. ಎಂಬತ್ತು ದಾಟಿದ ಮುದುಕರ ಅಂಗಿಗೂ ಬಿಡುತ್ತಿದ್ದಳು. ಅವರು ಬೊಚ್ಚುಬಾಯಲ್ಲಿ ನಕ್ಕರೂ ಮನೆಗೆ ಹೋಗುವಾಗ ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದರು.

ಒಬ್ಬಳೇ ಮಗಳು ಬೇರೆ ಊರಿನ ಅಂಚೆ ಕಚೇರಿಯಲ್ಲಿ ವಿದೇಶಿ ಪಾರ್ಸಲ್ ಕೌಂಟರಿನವಳು. ವಯಸ್ಸು ಮೂವತ್ತೆಂಟು. ಮದುವೆಯ ಮಾತೆತ್ತಿದರೆ ಫೋನು ಇಟ್ಟುಬಿಡುವ ಜಾತಿ. ಹದಿನಾಲ್ಕು ವರ್ಷ ಕಂಡವರ ಪೆಟ್ಟಿಗೆಗಳಿಗೆ ಮುದ್ರೆ ಒತ್ತಿದವಳು ಒಂದು ದಿನ ಇದ್ದಕ್ಕಿದ್ದಂತೆ ಫೋನು ಮಾಡಿ, "ಅಮ್ಮಾ, ಈ ಸಲ ನಾವೇ ಪಾರ್ಸಲ್ ಆಗೋಣ. ಚಳಿ ದೇಶ. ಹತ್ತು ದಿನ. ಟಿಕೆಟ್ ತೆಗೆದಾಯ್ತು," ಎಂದಳು.

"ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ? ಅಂಗಡಿ ಯಾರು ನೋಡ್ಕೋತಾರೆ?"

"ಅಂಗಡಿ ಎಲ್ಲೂ ಓಡಿಹೋಗಲ್ಲ. ಇಬ್ರಿಗೂ ಒಂದೊಂದು ಕೋಟು ಹೊಲಿ."

"ನಿನ್ನ ಅಳತೆ?"

"ಅದೇ ಅಳತೆ ಅಮ್ಮ."

ಏಳು ತಿಂಗಳಿಂದ ಮಗಳು ಮನೆಗೆ ಬಂದಿರಲಿಲ್ಲ. ರಜೆಯಿಲ್ಲ, ಆಡಿಟ್ಟು, ನೆಗಡಿ, ಹೀಗೆ ಪ್ರತಿ ಸಲ ಒಂದೊಂದು ನೆಪ. ವಿಮಾನ ನಿಲ್ದಾಣಕ್ಕೆ ದೊಡ್ಡ ಶಾಲು ಹೊದ್ದು ಬಂದಳು. "ಏನೇ ಮುಖ ಹೀಗೆ ಬಾಡಿದೆ?" ಎಂದರೆ ನಿದ್ದೆಯಿಲ್ಲ ಎಂದಳು. ಅಷ್ಟರಲ್ಲಿ ತಪಾಸಣೆಯವರು ಟೇಪಮ್ಮನ ಕೈಚೀಲದಿಂದ ಮೊಳದುದ್ದದ ಕತ್ತರಿಯನ್ನು ಎಳೆದು ತೆಗೆದಿದ್ದರು. ಪೆಟ್ಟಿಗೆಯಲ್ಲಿಟ್ಟರೆ ಯಾರಾದರೂ ಕದ್ದಾರು ಎಂದು ಕೈಯಲ್ಲೇ ತಂದಿದ್ದಳು ಪುಣ್ಯಾತ್ಗಿತ್ತಿ. "ನಲವತ್ತು ವರ್ಷದ ಕತ್ತರಿ ಸ್ವಾಮಿ, ಒಂದು ಇರುವೆಗೂ ನೋವು ಮಾಡಿಲ್ಲ!" ಎಂದು ಗೋಗರೆದರೂ ಕತ್ತರಿ ವಾಪಸು ಬರಲಿಲ್ಲ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೂ ಹೊಟ್ಟೆಯಿಂದ ಕೈ ತೆಗೆಯಲಿಲ್ಲ. ಕತ್ತರಿಯ ದುಃಖದಲ್ಲಿದ್ದ ತಾಯಿ ಅದನ್ನು ಗಮನಿಸಲಿಲ್ಲ.

ಆ ದೇಶದ ಹೋಟೆಲಿನಲ್ಲಿ, ಮೂರನೆಯ ಮಹಡಿಯ ಪುಟ್ಟ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಕೋಟು ತೊಡಿಸಿ ನೋಡಿದರೆ ಟೇಪಮ್ಮನಿಗೆ ನಾಚಿಕೆಯಾಯಿತು. ಭುಜ ಇಳಿದಿತ್ತು. ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬಳು ನಿಲ್ಲುವಷ್ಟು ಜಾಗ.

"ಅಯ್ಯೋ, ಇದೇನು ಹೊಲಿದಿಟ್ಟೆ ನಾನು? ಮೂವತ್ತಾರು ಅಂದ್ಕೊಂಡು ನಲವತ್ತರ ಮೈಗೆ ಕತ್ತರಿಸಿಬಿಟ್ನಾ?"

ಮಗಳು ಕನ್ನಡಿಯ ಕಡೆ ತಿರುಗಿಕೊಂಡು, "ವಯಸ್ಸಾಯ್ತಲ್ಲಮ್ಮ, ಕಣ್ಣು ಸ್ವಲ್ಪ ಮಂಜಾಗಿರುತ್ತೆ. ಪರವಾಗಿಲ್ಲ, ಬೆಚ್ಚಗಿದೆ," ಎಂದಳು.

ಆ ಮಾತು ನಾಟಿತು. ಮೂರು ದಿನ ಇಬ್ಬರೂ ಟ್ರಾಮಿನಲ್ಲಿ ಓಡಾಡಿದರು, ಗಡಿಯಾರದ ಗೋಪುರ ನೋಡಿದರು, ನದಿ ದಂಡೆಯ ಬೆಂಚಿನಲ್ಲಿ ಮತ್ತೆಮತ್ತೆ ಕೂತರು. ಕೂರೋಣ ಎನ್ನುತ್ತಿದ್ದವಳು ಮಗಳೇ. ಟೇಪಮ್ಮನ ತಲೆಯಲ್ಲಿ ನದಿಯೂ ಇಲ್ಲ, ಗೋಪುರವೂ ಇಲ್ಲ. ಕಣ್ಣು ಹೋಯಿತು, ಕೈ ಹೋಯಿತು, ಊರಿಗೆ ಹೋದ ಕೂಡಲೇ ಅಂಗಡಿ ಮುಚ್ಚಬೇಕು ಎಂದು ತೀರ್ಮಾನಿಸಿ ಮಗಳಿಗೂ ಹೇಳಿಬಿಟ್ಟಿದ್ದಳು. ಇನ್ನೊಬ್ಬರ ಬಟ್ಟೆ ಕೆಡಿಸುವುದಕ್ಕಿಂತ ಸುಮ್ಮನೆ ಕೂರುವುದು ಮೇಲು.

ನಾಲ್ಕನೆಯ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಳು. ಟೇಪಮ್ಮ ಕೋಟನ್ನು ಮಂಚದ ಮೇಲೆ ಹರಡಿ ಟೇಪು ಹಿಡಿದಳು, ಎಷ್ಟು ತಪ್ಪಿದ್ದೇನೆ ಎಂದಾದರೂ ಗೊತ್ತಾಗಲಿ ಎಂದು. ಎದೆ ನಲವತ್ತು. ಮೂವತ್ತಾರಕ್ಕೆ ಕೋಟಿಗೆಂದು ಬಿಡುವ ಸಡಿಲ ನಾಲ್ಕು ಸೇರಿದರೆ ನಲವತ್ತೇ. ಭುಜ ಸರಿ. ತೋಳು ಸರಿ. ಮತ್ತೊಮ್ಮೆ ಅಳೆದಳು. ನೂಲಿನಷ್ಟೂ ತಪ್ಪಿಲ್ಲ.

ಅವಳಿಗೆ ಖುಷಿಯಾಯಿತು. ಹೌದು, ನಿಜವಾಗಿ ಖುಷಿಯಾಯಿತು. ಕಣ್ಣು ಹೋಗಿಲ್ಲ, ಕೈ ಕೆಟ್ಟಿಲ್ಲ! ಬಾಗಿಲು ಬಡಿದು ಮಗಳಿಗೆ ಕೂಗಿ ಹೇಳಲು ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆ ಇಡದೆ ನಿಂತಳು. ಕೋಟು ಸರಿಯಾಗಿದ್ದರೆ ತಪ್ಪಿದ್ದು ಯಾವುದು?

ಮಗಳು ಹೊರಬಂದಾಗ ತಾಯಿ ಟೇಪು ಹಿಡಿದು ನಿಂತಿದ್ದಳು.

"ಶಾಲು ತೆಗಿ. ಕೈ ಎತ್ತು."

"ಅಮ್ಮಾ, ಈಗ್ಯಾಕೆ..."

"ಕೈ ಎತ್ತು ಅಂದೆ."

ಮಗಳು ಚಿಕ್ಕಂದಿನಂತೆ ಎರಡೂ ಕೈ ಎತ್ತಿ ನಿಂತಳು. ಆಗೆಲ್ಲ ತಾಯಿ ಗಿರಾಕಿಗಳ ಅಳತೆ ಕೂಗುವಳು, ಇವಳು ಶಾಲೆಯ ಪೆನ್ಸಿಲಿನಲ್ಲಿ ಬರೆದುಕೊಳ್ಳುವಳು. ಈಗಲೂ ಟೇಪಮ್ಮನ ಬಾಯಿ ತಾನಾಗಿಯೇ ಕೂಗಿತು.

"ಎದೆ ಮೂವತ್ತು. ಸೊಂಟ..." ಅಂಕಿ ಕಾಣುತ್ತಿತ್ತು, ಆದರೂ ಟೇಪು ಬಿಚ್ಚಿ ಮತ್ತೊಮ್ಮೆ ಸುತ್ತಿದಳು.

"ಇಪ್ಪತ್ತಮೂರು," ಎಂದಳು ಮಗಳು. "ಹೊಟ್ಟೇಲಿ ಗಡ್ಡೆ ಅಮ್ಮ. ಔಷಧಿ ಎಲ್ಲಾ ಮಾಡಿ ಆಯ್ತು."

"ಡಾಕ್ಟ್ರು ಏನಂತಾರೆ?"

"ಮುಂದಿನ ಚಳಿಗಾಲಕ್ಕೆ ನಂಗೆ ಕೋಟು ಬೇಕಾಗಲ್ಲ."

ಟೇಪಮ್ಮ ಕೈಯಲ್ಲಿದ್ದ ಟೇಪಿನಲ್ಲೇ ಮಗಳ ತೋಳಿಗೆ ಒಂದೇಟು ಹೊಡೆದಳು. "ನನ್ನ ಕಣ್ಣು ಹೋಗಿದೆ ಅಂದ್ಯಲ್ಲೇ! ಮೂರು ದಿನ ನಂಬಿಸಿದ್ಯಲ್ಲೇ ಪಾಪಿ!"

"ನೀನು ಅಂಗಡಿಗೋಸ್ಕರ ಅಳ್ತಾ ಇರೋದನ್ನ ನೋಡೋದು ಸುಲಭ ಇತ್ತಮ್ಮ," ಎಂದ ಮಗಳು ತಾಯಿಯ ಹೆಗಲ ಮೇಲೆ ಮುಖವಿಟ್ಟಳು. ಆ ಬೆಳಿಗ್ಗೆ ಅವರು ಎಲ್ಲಿಗೂ ಹೋಗಲಿಲ್ಲ.

ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಕೂತು ಟೇಪಮ್ಮ ಕೋಟಿನ ಎರಡೂ ಪಕ್ಕ ಬಿಚ್ಚಿದಳು, ಸೂಜಿಯಲ್ಲೇ ಒಳಕ್ಕೆ ಹಿಡಿದು ಹೊಲಿದಳು. ಮಿಕ್ಕ ಬಟ್ಟೆಯನ್ನೆಲ್ಲ ಒಳಗೇ ಮಡಿಸಿಟ್ಟಳು. ಎರಡು ಬೆರಳಲ್ಲ, ಈ ಸಲ ಅಂಗೈಯಗಲ. "ಇರ್ಲಿ, ನೀನು ಮೈ ತುಂಬ್ಕೊಂಡ್ಮೇಲೆ ಬಿಟ್ಕೊಡ್ತೀನಿ," ಎಂದಳು. ಮಗಳು ತಲೆಯಾಡಿಸಿದಳು. ಇಬ್ಬರಿಗೂ ಎಲ್ಲ ಗೊತ್ತಿತ್ತು.

ಎರಡು ದಿನ ಅದನ್ನು ತೊಟ್ಟು ಓಡಾಡಿದ ಮಗಳು ಮೂರನೆಯ ದಿನ ಮಂಚದ ಅಂಚಿನಲ್ಲಿ ಕೂತು, ತೀರಾ ಸಂಕೋಚದಿಂದ ಬಾಯಿ ಬಿಟ್ಟಳು.

"ಅಮ್ಮಾ, ಬೇಜಾರು ಮಾಡ್ಕೋಬೇಡ. ಒಳಗಿನ ಬಟ್ಟೆ ಪಕ್ಕೆಗೆ ಒತ್ತುತ್ತೆ. ಮೂಳೆಗೆ ನೋವಾಗುತ್ತೆ. ಅದನ್ನ ಕತ್ತರಿಸಿಬಿಡ್ತೀಯಾ?"

ಟೇಪಮ್ಮ ಮಗಳ ಅಂಗಿ ಎತ್ತಿ ನೋಡಿದಳು. ಪಕ್ಕೆಯ ಮೇಲೆ ಕೆಂಪಗೆ ಎರಡು ಗೆರೆ ಎದ್ದಿದ್ದವು.

ಅವಳು ಕೆಳಗಿಳಿದು ಹೋದಳು. ಹೋಟೆಲಿನ ಮೇಜಿನ ಹಿಂದೆ ಕೂತಿದ್ದ ಹುಡುಗಿಗೆ ಭಾಷೆ ತಿಳಿಯದು. ಟೇಪಮ್ಮ ಎರಡು ಬೆರಳನ್ನು ಕೂಡಿಸಿ ಅಗಲಿಸಿ, ಕೂಡಿಸಿ ಅಗಲಿಸಿ ತೋರಿಸಿದಳು. ತೋರಿಸುತ್ತಲೇ ಇದ್ದಳು. ಕತ್ತರಿ ಕೊಟ್ಟ ಹುಡುಗಿ ಅವಳ ಮುಖ ನೋಡಿ ಒಂದು ಲೋಟ ನೀರನ್ನೂ ಕೊಟ್ಟಳು.

ಮೇಲೆ ಬಂದು ಕೋಟಿನ ಒಳಮೈ ಹೊರಗೆ ಮಾಡಿ, ಹೊಲಿಗೆಗೆ ತಾಗಿದಂತೆ, ಒಂದು ನೂಲೂ ಉಳಿಯದಂತೆ ಎರಡೂ ಕಡೆ ಕತ್ತರಿಸಿದಳು. ಬಿದ್ದ ಚೂರುಗಳನ್ನು ಮಡಿಸಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

ಮಗಳು ತೊಟ್ಟು ಗುಂಡಿ ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. "ಎಷ್ಟು ಸರಿಯಾಗಿ ಕೂತಿದೆ ನೋಡಮ್ಮ," ಎಂದಳು.

ಹೊಲಿದ ಬಟ್ಟೆ ಸರಿಯಾಗಿ ಕೂತಿದ್ದನ್ನು ನೋಡಿ ಟೇಪಮ್ಮ ಅತ್ತದ್ದು ನಲವತ್ತು ವರ್ಷದಲ್ಲಿ ಅದೊಂದೇ ಸಲ.